‘ಮಧ್ಯಾಹ್ನಗಳು’, ಪುಟ ನಾಲ್ಕು

ಸಿರಿಲ್ ಪೆನ್‌ರೋಸ್ ಮೋಸಗಾರನಿರಬಹುದು ಎಂದು ನನಗೆ ಮೊದಲು ಅನ್ನಿಸಿದ್ದು 1957ರ ಡಿಸೆಂಬರ್‌ನ ಒಂದು ಶುಕ್ರವಾರ ಬೆಳಿಗ್ಗೆ, ‘ಮರ್ಮರ್’ ಎಂಬ ಪದದ ಚೀಟಿಗಳ ಕಟ್ಟು ಬಿಚ್ಚಿದಾಗ.

ಯಾರ್ಕ್ ಪಟ್ಟಣದ ನದಿದಂಡೆಯ ಹಳೆಯ ಮನೆಯೊಂದರಲ್ಲಿ ನಾವು ಏಳು ಜನ ಇಂಗ್ಲಿಷ್ ನಿಘಂಟು ಕಟ್ಟುತ್ತಿದ್ದೆವು. ಒಂದೊಂದು ಪದಕ್ಕೂ ಗೋಡೆಯಲ್ಲಿ ಒಂದು ಗೂಡು, ಗೂಡಿನ ತುಂಬ ಚೀಟಿಗಳು. ಚೀಟಿಯ ಎಡಮೂಲೆಯಲ್ಲಿ ಪದ, ಕೆಳಗೆ ಅದನ್ನು ಬಳಸಿದ ವಾಕ್ಯ, ಬರೆದವರ ಹೆಸರು, ಪುಸ್ತಕ, ವರ್ಷ, ಪುಟ. ಸಿರಿಲ್ ಅರ್ಥ ಬರೆಯುತ್ತಿದ್ದ. ವಾಕ್ಯ ನಿಜವಾಗಿ ಆ ಪುಸ್ತಕದಲ್ಲಿದೆಯೇ ಎಂದು ನಾನು ನೋಡಬೇಕು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮೂರು ತಿಂಗಳ ಪರೀಕ್ಷೆಯ ಮೇಲಿದ್ದೆ.

ಮರ್ಮರ್‌ಗೆ ಅವನು ಚೆನ್ನಾಗಿಯೇ ಬರೆದಿದ್ದ. ಹಳ್ಳದ ನೀರಿನ ಎಡೆಬಿಡದ ಮೆಲುದನಿ. ಬಾಯಿಬಿಟ್ಟು ಹೇಳಲಾರದವರ ಗೊಣಗಾಟ. ವೈದ್ಯರ ಕಿವಿಗೆ ಎದೆಯೊಳಗಿಂದ ಬರುವ ಹೆಚ್ಚಿನ ಸದ್ದು. ಆದರೆ ಕೊನೆಯಲ್ಲಿ ಅವನದೇ ಕೈಬರಹದ ಒಂದು ಚೀಟಿ: “ಕೆಟಲ್ ಮರ್ಮರ್ ಅನ್ನುತ್ತಿದೆ, ಯಾರಾದರೂ ಅದಕ್ಕೆ ಉತ್ತರ ಕೊಡಿ.” ಅನಾಮಿಕೆ, ‘ಮಧ್ಯಾಹ್ನಗಳು’, 1957, ಪುಟ 4.

ಅಂಥ ಪುಸ್ತಕ ನಮ್ಮಲ್ಲಿರಲಿಲ್ಲ. ಎರಡು ಲೈಬ್ರರಿಗಳಿಗೆ ಫೋನ್ ಮಾಡಿದೆ. ಅಲ್ಲೂ ಇಲ್ಲ.

“ಮಿಸ್ಟರ್ ಪೆನ್‌ರೋಸ್, ಈ ‘ಮಧ್ಯಾಹ್ನಗಳು’ ಎಲ್ಲಿ ಸಿಗುತ್ತೆ?”

ಅವನ ಕಿವಿ ಕೆಂಪಾಯಿತು. “ಅದು ಸುಲಭಕ್ಕೆ ಸಿಗೋದಲ್ಲ, ಮಿಸ್ ಗಾರ್ಸೈಡ್. ಆ ಚೀಟಿ ವಾಪಸ್ ಕೊಟ್ಬಿಡಿ.”

“ಕೊಟ್ಟು ಸುಮ್ನಿರಬೇಕಾ? ನಿಮ್ಮ ಮಿಕ್ಕ ಚೀಟಿಗಳನ್ನ ಹೇಗೆ ನಂಬೋದು?”

ಅವನು ಮೇಜಿನತ್ತ ತಿರುಗಿ ಪೆನ್ನು ಎತ್ತಿಕೊಂಡ. ಸುಳ್ಳು ವಾಕ್ಯ ಹೆಣೆದವನನ್ನು ಅಂದೇ ಕೆಲಸದಿಂದ ತೆಗೆಯಬೇಕೆಂಬುದು ಸಂಪಾದಕ ಟ್ರೂಬ್ರಿಜ್ ಅವರ ಕಟ್ಟಳೆ. ಸಂಜೆ ಐದಕ್ಕೆ ಈ ಪದದ ಪುಟ ಅಚ್ಚಿಗೆ ಹೋಗಬೇಕು, ಕೆಳಗೆ ನನ್ನ ಸಹಿ ಬೀಳಬೇಕು.

ಬೇಸರವಾಯಿತು. ನವೆಂಬರ್‌ನ ಚಳಿಯಲ್ಲಿ, ಕುರ್ಚಿ ಅಲುಗಾಡುತ್ತದೆ, ತನಗೆ ಬೇಡ ಎಂದು ನೆಪ ಹೇಳಿ, ಬೆಂಕಿಯ ಒಲೆಯ ಪಕ್ಕದ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟವನು ಅವನು. ಆ ಕುರ್ಚಿ ಒಂದು ದಿನವೂ ಅಲುಗಾಡಲಿಲ್ಲ. ಆಗಲೂ ಸುಳ್ಳೇ ಹೇಳಿದ್ದನಲ್ಲ, ಎಂದುಕೊಂಡೆ.

ಎಲ್ಲರೂ ಊಟಕ್ಕೆ ಹೋದಾಗ ಅವನ ಬೇರೆ ಪದಗಳ ಗೂಡುಗಳನ್ನು ತಡಕಿದೆ. ರಸಲ್, ಹಶ್, ಹಮ್: ಮೆಲುದನಿಯ ಪದಗಳಲ್ಲೆಲ್ಲ ‘ಮಧ್ಯಾಹ್ನಗಳು’. ಎಲ್ಲವೂ ಪುಟ ನಾಲ್ಕು. ಒಂದೇ ಪುಟದಲ್ಲಿ ಎಷ್ಟು ಮಾತು ಹಿಡಿದೀತು?

ಹಮ್‌ನ ಚೀಟಿ ಓದುತ್ತ ನಿಂತುಬಿಟ್ಟೆ. “ತಾತ ಹೋದ ದಿನ ಅಜ್ಜಿ ಜೇನುಗೂಡುಗಳ ಹತ್ತಿರ ಹೋಗಿ ಸುದ್ದಿ ಹೇಳಿ ಬಂದಳು. ಹೇಳದಿದ್ದರೆ ಹುಳುಗಳು ಮುನಿಸಿಕೊಂಡು ಹಾರಿಹೋಗುತ್ತವೆ. ಹಮ್ ಅನ್ನೋ ಸದ್ದು ಒಂದು ಗಳಿಗೆ ನಿಂತಿತ್ತು.”

ಅದು ನನ್ನ ಅಜ್ಜಿ. ಟೀ ಕೊಡುವ ಮಿಸೆಸ್ ನಟಾಲ್‌ಗೆ ನಾನೇ ಹೇಳಿದ್ದೆ. ಆಗ ಸಿರಿಲ್ ಬೆನ್ನು ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದ. ನಾವು ಟೀ ಕುಡಿಯುವುದು ಮಧ್ಯಾಹ್ನ ನಾಲ್ಕಕ್ಕೆ. ಕೆಟಲ್‌ನ ಮಾತೂ ಆಗ ನಾನೇ ಆಡಿದ್ದು.

ಮೋಸಗಾರನ ಅನುಮಾನ ಹೋಗಿ ಅದಕ್ಕಿಂತ ಕೆಟ್ಟದ್ದು ಹೊಕ್ಕಿತು. ನನ್ನ ಹಳ್ಳಿಮಾತು ಗುರುತು ಹಾಕಿಕೊಂಡು ಟ್ರೂಬ್ರಿಜ್‌ಗೆ ತೋರಿಸುತ್ತಿದ್ದಾನೆ. ಪರೀಕ್ಷೆಯ ಮೇಲಿರುವವಳನ್ನು ಕಳಿಸುವುದಕ್ಕೆ ಇಷ್ಟು ಸಾಕು.

ಅವನು ಬಂದೊಡನೆ ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ. “ಎಷ್ಟು ದಿನದಿಂದ ನನ್ನ ಮಾತು ಕದೀತಿದ್ದೀರಿ? ಯಾರಿಗೆ ತೋರಿಸೋದಕ್ಕೆ?”

“ಯಾರಿಗೂ ಅಲ್ಲ.” ಹ್ಯಾಟನ್ನು ಕೈಯಲ್ಲೇ ತಿರುಗಿಸಿದ. “ನನ್ನ ಡ್ರಾಯರ್‌ನಲ್ಲಿದ್ದವು. ಎಡಮೂಲೆಯಲ್ಲಿ ಪದ ಬರೆಯೋದು ಹಾಳು ಅಭ್ಯಾಸ. ನಾನು ಡ್ರಾಯರ್ ಮುಚ್ಚೋದು ಮರೆತೆ. ಮಿಸೆಸ್ ನಟಾಲ್ ಮೇಜು ಒರೆಸೋವಾಗ ಕಂಡಳು, ಆಯಾ ಗೂಡಿಗೆ ಹಾಕಿಬಿಟ್ಟಳು. ಉಪಕಾರ ಮಾಡಿದ್ದಾಳೆ, ಪಾಪ.”

“ಡ್ರಾಯರ್‌ನಲ್ಲಿ ಯಾಕಿತ್ತು?”

“ಕಳ್ಕೊಳ್ಳಬಾರದು ಅನ್ನಿಸಿದ್ದನ್ನ ಇಟ್ಕೊಳ್ಳೋಕೆ ನನಗೆ ಇದೊಂದೇ ದಾರಿ ಗೊತ್ತು, ಎನಿಡ್.”

ಅವನು ನನ್ನ ಹೆಸರು ಹಿಡಿದದ್ದು ಅದೇ ಮೊದಲು. ನಾನು ಒಲೆಯ ಕಡೆ ನೋಡಿದೆ. “ಆ ಕುರ್ಚಿ ಅಲುಗಾಡಲ್ಲ.”

“ಗೊತ್ತು.”

“ಬೆಳಿಗ್ಗೇನೇ ನಿಜ ಹೇಳಿದ್ರೆ ಆಗ್ತಿರಲಿಲ್ವಾ?”

“ಕೆಲಸ ಹೋದ್ರೆ ಹೋಗ್ಲಿ ಅಂದ್ಕೊಂಡೆ. ನೀವು ನಕ್ಕುಬಿಟ್ರೆ ಅಂತ ಭಯ.”

ನಗು ಬಂದದ್ದು ನಿಜ. ಅವನು ಹೆದರಿದ ಬಗೆಯದಲ್ಲ. ಚೀಟಿ ಹರಿಯಲು ಅವನು ಕೈಚಾಚಿದಾಗ ನಾನೇ ಮೊದಲು ಬಾಚಿಕೊಂಡೆ.

ಐದು ಗಂಟೆಗೆ ಟ್ರೂಬ್ರಿಜ್ ಬಂದರು. “ಆ ಅನಾಮಿಕೆ ವಿಚಾರ ಏನಾಯ್ತು, ಮಿಸ್ ಗಾರ್ಸೈಡ್? ಲೈಬ್ರರಿಯವರು ನನಗೇ ತಿರುಗಿ ಫೋನ್ ಮಾಡಿದ್ರು.”

ಸಿರಿಲ್ ಕಣ್ಣು ಮುಚ್ಚಿಕೊಂಡ.

“ಲೇಖಕಿ ಸಿಕ್ಕಿದಳು, ಸರ್. ಪುಸ್ತಕ ಇನ್ನೂ ಅಚ್ಚಾಗಿಲ್ಲ. ತಪ್ಪಿ ಗೂಡಿಗೆ ಬಿದ್ದ ಸ್ವಂತ ಚೀಟಿಗಳು. ಅವನ್ನ ತೆಗೆದಿದ್ದೀನಿ, ಮಿಕ್ಕದ್ದೆಲ್ಲ ಸರಿಯಿದೆ.”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಸಿರಿಲ್‌ನ ಕಿವಿಗಳನ್ನು ನೋಡಿದರು. “ಅಚ್ಚಾಗದ್ದು ನಮಗೆ ಬೇಡ.”

“ನಿಮಗೆ ಬೇಡ, ಸರ್,” ಎಂದೆ. ಸಹಿ ಹಾಕಿದೆ. ಚೀಟಿಗಳನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ.

ಈಗ ನಮ್ಮಿಬ್ಬರ ಮನೆಯಲ್ಲಿ ಅವು ಬೂಟಿನ ಒಂಬತ್ತು ಪೆಟ್ಟಿಗೆ ತುಂಬಿವೆ. ಅರ್ಧದಷ್ಟು ನನ್ನ ಕೈಬರಹ, ಅವನ ಮಾತು. ವರ್ಷ ಬದಲಾಗುತ್ತ ಬಂದಿದೆ, ಪುಟ ಮಾತ್ರ ನಾಲ್ಕೇ.