ಹೇಳಿಕೊಡದ ಮಾತು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಬಾಯಿಂದ ಹೇಳಲಾಗದ್ದಕ್ಕೆ ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ನಾನು ರಂಗಮಂಚದ ಅಂಚಿನ ಗುಂಡಿಯೊಳಗೆ ಕೂತು, ನಟರು ಮರೆತ ಮಾತುಗಳನ್ನು ಪಿಸುದನಿಯಲ್ಲಿ ಹೇಳಿಕೊಡುತ್ತಿದ್ದೆ. ತಮ್ಮನನ್ನು ಕೊಂದು ಪಟ್ಟವೇರುವ ರಾಜನ ಪಾತ್ರ ನನ್ನ ಮಾವನದು, ಅಂದರೆ ಹೆಂಡತಿಯ ಅಪ್ಪನದು. ಸಿಂಹಾಸನ ಸಿಕ್ಕಿಯೂ ನಿದ್ದೆಗೆಟ್ಟು ಅಲೆಯುವ ಆ ರಾಜನನ್ನು ಕಂಡು, ಇವನೆಂಥ ದಡ್ಡ ಎಂದು ದಿನವೂ ನಗುತ್ತಿದ್ದೆ. ಆದರೂ ಆ ಪಾತ್ರ ನನಗೆ ಬೇಕಿತ್ತು.

ಒಂದು ದಿನ ಮಾವ, “ಬಾಗಿಲು ಹಾಕಿದವನೇ ನಾನು, ತೆರೆಯುವವರು ಯಾರು?” ಎಂಬ ಮಾತು ಮರೆತು ನನ್ನತ್ತ ನೋಡಿದರು. ನಾನು ತುಟಿಪಿಟಕ್ಕೆನ್ನಲಿಲ್ಲ. ಜನ ಗೊಳ್ಳೆಂದು ನಕ್ಕರು. ಅಂದು ಹಾಸಿಗೆ ಹಿಡಿದ ಮಾವ ತಿಂಗಳೊಳಗೆ ತೀರಿಕೊಂಡರು. ಕಿರೀಟ ನನ್ನ ತಲೆಗೆ ಬಂತು. ಗುಂಡಿಗೆ ನಾನೇ ಹಲಗೆ ಹೊಡೆಸಿದೆ.

ಮೊದಲ ಪ್ರದರ್ಶನದಲ್ಲೇ ಹಲಗೆಯಡಿಯಿಂದ ಕಾಲಿಗೆ ತಣ್ಣನೆ ಗಾಳಿ ತಗುಲಿತು. ಮಾವನ ಕೆಮ್ಮಿನ ಗುಳಿಗೆಯ ವಾಸನೆ ಬಂತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾತನ್ನು ಯಾರೋ ಕೆಳಗಿಂದ ಪಿಸುಗುಟ್ಟಿದರು. ಈಗಂತೂ ಯಾವ ಮಾತೇ ಆಗಲಿ, ಕೆಳಗಿಂದ ಬಂದರಷ್ಟೇ ನನ್ನ ಬಾಯಿಂದ ಹೊರಡುತ್ತದೆ. ಈ ಪಾತ್ರ ನನಗೆ ಬೇಡ ಎನ್ನಲು ಎಷ್ಟೋ ಸಲ ಹೋದೆ. ಆ ಮಾತನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಿನ್ನೆ ಬೆಳಿಗ್ಗೆ ಮನೆಯಲ್ಲಿ ಮೇಜಿನ ಮುಂದೆ ಕೂತಿದ್ದಾಗ ಹೆಂಡತಿ ಕೇಳಿದಳು: “ನಿಜ ಹೇಳಿ, ಅವತ್ತು ಅಪ್ಪ ಮರೆತಾಗ ಆ ಮಾತು ನಿಮಗೆ ಗೊತ್ತಿತ್ತಾ?”

ಇಲ್ಲ ಎನ್ನಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕಾಲಿಗೆ ತಣ್ಣನೆ ಗಾಳಿ ತಗುಲಿತು. ಮೇಜಿನಡಿಯಿಂದ ಪಿಸುಮಾತು ಬಂತು: “ಗೊತ್ತಿತ್ತು.”

ಅದನ್ನು ನಾನಿನ್ನೂ ಹೇಳಿರಲಿಲ್ಲ. ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಬಗ್ಗಿ ಮೇಜಿನಡಿ ನೋಡುತ್ತ, “ಅಪ್ಪಾ?” ಅಂದಳು.