ಶುಭ್ರ ಆಕಾಶದ ಮೇಲೆ ಸಿಟ್ಟು

ಹವಾಮಾನ ಕಚೇರಿಯ ಬಾಗಿಲನ್ನು ಅಲೆಕ್ ರಶ್‌ವರ್ತ್ ಒದ್ದಂತೆಯೇ ತೆರೆದ.

"ಸಮಾಧಾನ ಆಯ್ತಾ ನಿಮಗೆ?"

ವಾಯುನೆಲೆಯ ಹವಾಮಾನ ತಜ್ಞೆ ವಿನಿಫ್ರೆಡ್ ನಕಾಶೆಯಿಂದ ತಲೆ ಎತ್ತಲಿಲ್ಲ. "ಬೂಟು ಒರೆಸ್ಕೊಂಡು ಬನ್ನಿ, ಸಾರ್."

ಎರಡನೇ ಮಹಾಯುದ್ಧದ ಆ ಚಳಿಗಾಲ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಆಕಾಶ ಯಾರ ಮಾತೂ ಕೇಳುತ್ತಿರಲಿಲ್ಲ. ಜರ್ಮನಿಯ ಮೇಲೆ ಇನ್ನೊಂದೇ ದಾಳಿ ಮುಗಿಸಿದರೆ ಪೈಲಟ್ ಅಲೆಕ್ ಮತ್ತು ಅವನ ಆರು ಮಂದಿಯ ತಂಡಕ್ಕೆ ಬಿಡುಗಡೆ. ಮುಂದೆ ಎಲ್ಲೋ ದೂರದ ತರಬೇತಿ ಶಾಲೆಯಲ್ಲಿ ಹೊಸಬರಿಗೆ ಪಾಠ. ಆದರೆ ಅಂದು ಸಂಜೆ ಹೊರಟ ಲಂಕಾಸ್ಟರ್ ಬಾಂಬರ್‌ಗಳು ಉತ್ತರ ಸಮುದ್ರ ದಾಟುವ ಮೊದಲೇ ಮೋಡಕ್ಕೆ ಸಿಕ್ಕಿದ್ದವು. ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟತೊಡಗಿತ್ತು. ವಿನಿಫ್ರೆಡ್ ಎಚ್ಚರಿಸಿದ ಮೇಲೆ ಎಲ್ಲರನ್ನೂ ರೇಡಿಯೋದಲ್ಲಿ ವಾಪಸ್ ಕರೆದರು. ಬಾಂಬುಗಳು ಸಮುದ್ರದ ಪಾಲಾದವು. ಗುರಿ ಮುಟ್ಟದ ದಾಳಿ ಲೆಕ್ಕಕ್ಕಿಲ್ಲ.

"ನನ್ನ ಹುಡುಗರು ಮತ್ತೆ ಹೋಗಿ ಸಾಯಬೇಕು, ಗೊತ್ತಾ?"

"ಇವತ್ತೇ ಸಮುದ್ರಕ್ಕೆ ಬಿದ್ದಿದ್ರೆ ಚೆನ್ನಾಗಿತ್ತಾ?"

"ಹೋದ ವಾರವೂ ಮೋಡ, ಇವತ್ತೂ ಮೋಡ. ನನ್ನನ್ನ ಇಲ್ಲೇ ಕಟ್ಟಿಹಾಕೋ ಹುನ್ನಾರ ಇದ್ರೆ ಬಾಯ್ಬಿಟ್ಟು ಹೇಳಿ!"

ಅವಳ ಕಿವಿಯ ತುದಿಗಳು ಕೆಂಪಾದವು. ಅವನಿಗದು ಕಂಡಿತು. ಕಂಡಿದ್ದು ಅವಳಿಗೂ ತಿಳಿಯಿತು.

"ತಲೆ ಕೆಟ್ಟಿದೆ ನಿಮಗೆ. ಆಚೆ ನಡೀರಿ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೋಡಗಳು ಹರಿದುಹೋದವು. ಅವನು ಮತ್ತೆ ಬಂದು ಬಾಗಿಲಲ್ಲೇ ನಿಂತ.

"ಇವತ್ತು?"

"ಶುಭ್ರವಾಗಿದೆ." ಅವಳ ದನಿ ಒರಟಾಗಿತ್ತು. "ಮೋಡ ಇದೆ ಅಂತ ಬರೆದುಬಿಡೋಣ ಅನ್ನಿಸ್ತು. ಬರೆದಿದ್ರೆ ನಂಬ್ತಿದ್ರು. ನನ್ನ ಕೆಲಸಕ್ಕೇ ದ್ರೋಹ ಮಾಡೋಣ ಅನ್ನಿಸೋ ಹಾಗೆ ಮಾಡಿದ್ರಲ್ಲ, ಅದಕ್ಕೇ ನಿಮ್ಮನ್ನ ಕಂಡ್ರೆ ಆಗಲ್ಲ ನನಗೆ."

"ಬರೆದಿದ್ರೆ ಈ ಜನ್ಮದಲ್ಲಿ ನಿಮ್ಮ ಮುಖ ನೋಡ್ತಿರಲಿಲ್ಲ."

"ಬರೀಲಿಲ್ಲವಲ್ಲ. ಇನ್ನು ನಿಮ್ಮ ಮುಖ ನಾನು ನೋಡ್ತೀನೋ ಇಲ್ಲವೋ!"

ಅವನು ಏನೋ ಹೇಳಲು ಬಾಯಿ ತೆರೆದ. ಆಚೆ ಯಾರೋ ಕೂಗಿದರು. ತಿರುಗಿಯೂ ನೋಡದೆ ಹೊರಟುಹೋದ.

ಬೆಳಗಾಯಿತು. ವಿಮಾನಗಳು ಒಂದೊಂದಾಗಿ ಇಳಿದವು, ಅವನದು ಬರಲಿಲ್ಲ. ನಿಯಂತ್ರಣ ಗೋಪುರದ ಕೆಳಗೆ ಕಾಯುತ್ತ ನಿಂತಿದ್ದವರು ಒಬ್ಬೊಬ್ಬರೇ ತಿಂಡಿಗೆ ಹೋದರು. ವಿನಿಫ್ರೆಡ್ ಹೋಗಲಿಲ್ಲ. ಬಯಲಿನಾಚೆ ನೀಲಿ ಆಕಾಶ ಎಷ್ಟು ಚೆಂದವಾಗಿತ್ತೆಂದರೆ, ಅವಳಿಗೆ ಅದರ ಮೇಲೆ ಉಗಿಯಬೇಕೆನಿಸಿತು.

ಕೊನೆಗೆ ದೂರದಲ್ಲೊಂದು ಕುಂಟು ಸದ್ದು. ಒಂದು ಎಂಜಿನ್ ಸತ್ತಿದ್ದ ಬಾಂಬರ್ ನೆಲಕ್ಕೆ ಬಡಿದು, ಪುಟಿದು, ನಿಂತಿತು. ಏಳೂ ಮಂದಿ ತಮ್ಮ ಕಾಲ ಮೇಲೆಯೇ ಇಳಿದರು.

ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಅಲೆಕ್ ನೇರ ಅವಳತ್ತ ಬಂದ.

"ಎದುರುಗಾಳಿ ಅಷ್ಟು ಜೋರಾಗಿರುತ್ತೆ ಅಂತ ಹೇಳಲೇ ಇಲ್ಲ ನೀವು! ಪೆಟ್ರೋಲ್ ತಳ ಕಂಡಿತ್ತು!"

ಅವಳು ಅವನ ಕಾಲರ್ ಹಿಡಿದು ಜಗ್ಗಿದಳು. "ತಪ್ಪಾಯ್ತು! ಗಾಳಿ ಲೆಕ್ಕ ತಪ್ಪು ಹಾಕಿದೆ ನಾನು. ಸಾಕಾ?"

"ಸಾಲದು." ಅವನ ದನಿ ಒಡೆಯಿತು. "ದಾರಿಯುದ್ದಕ್ಕೂ ಮನಸ್ಸಲ್ಲೇ ನಿನ್ನ ಹತ್ರ ಜಗಳ ಆಡ್ತಾನೇ ಬಂದೆ, ವಿನಿ. ನಿದ್ದೆ ಹತ್ತದಿರಲಿ ಅಂತ. ನೀನಿಲ್ಲದ ಕಡೆ ನಾನು ಯಾರ ಹತ್ರ ಜಗಳ ಆಡಲಿ?"

ಅವನ ಬಾಯಲ್ಲಿ 'ನೀನು' ಬಂದದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಮದುವೆ ಆಗು ಅಂತ ಕೇಳೋಕೆ ಇಷ್ಟು ತಡ ಮಾಡ್ತಾರೇನೋ, ಪೆದ್ದ!" ಎಂದಳು.

ಹಿಡಿದ ಕಾಲರ್ ಬಿಡಲಿಲ್ಲ.