ರಾವಂದೂರಿನ ಗುಂಡು

ಹೊರಗಿನಿಂದ ಚಿಲಕ ಬಿತ್ತು.

ಒಳಗೆ ಕತ್ತಲು. ತಲೆಯ ಮೇಲೆ ಸಾಲು ಸಾಲು ಹೊಗೆಸೊಪ್ಪು. ಕಾಲ ಬಳಿ ಒಲೆಯ ಕೊಳವೆ, ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. ಬ್ಯಾರನ್ ಅಂದರೆ ಸೊಪ್ಪು ಬೇಯಿಸುವ ಕೋಣೆ ಸ್ವಾಮಿ. ಮನುಷ್ಯರನ್ನು ಬೇಯಿಸಲು ಕಟ್ಟಿದ್ದಲ್ಲ!

"ಮದ್ಯಾನದ ಗಂಟ ಬೆವರ್ಕಂಡು ಬಿದ್ದಿರು ಕಣ್ಲಾ!" ಹೊರಗಿನಿಂದ ಯತೀಶ್ ಕೂಗಿದ. "ಸೊಪ್ಪಿನ ಜೊತೇಲೇ ನಿನ್ನೂ ಇಳಿಸ್ತೀವಿ."

ಯತೀಶ್ ಅಂದರೆ ವಿರೂಪಾಕ್ಷನ ಬಲಗೈ. ವಿರೂಪಾಕ್ಷ ಅಂದರೆ ರಾವಂದೂರಿನಲ್ಲಿ ಇರುವ ಒಂದೇ ಒಂದು ವೈನ್ ಶಾಪ್‌ನ ಓನರ್. ನಾನು ಮೂರ್ತಿ. ಹುಣಸೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಲೈಸೆನ್ಸ್ ಮೂರ್ತಿ ಅನ್ನುತ್ತಾರೆ. ಬಾರು, ಲಾಡ್ಜು, ಪಟಾಕಿ ಅಂಗಡಿ... ಯಾವ ಕಾಗದ ಯಾವ ಟೇಬಲ್ಲಿನಲ್ಲಿ ಸಿಕ್ಕಿಕೊಂಡಿದ್ದರೂ ಎಳೆದು ತರುತ್ತೇನೆ.

ಈ ಸಲ ಸಿಕ್ಕಿಕೊಂಡವನು ನಾನೇ.

ನನ್ನ ಪಾರ್ಟಿ ಮಾನಸ. ಕಬಿನಿ ಕಡೆಯ ರೆಸಾರ್ಟಿನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ಹೊಗೆ ಕುಡಿದ ಹೆಣ್ಣುಮಗಳು. ಈಗ ಸ್ವಂತ ಹೋಟೆಲ್ ಮಾಡಲು ರಾವಂದೂರಿನ ಮೇನ್ ರೋಡಿನಲ್ಲಿ ಒಂದು ಕಟ್ಟಡ ಹಿಡಿದಿದ್ದಾಳೆ. ಬೇಕಾಗಿದ್ದು ಬರೀ ಬಿಯರ್ ಲೈಸೆನ್ಸ್. ವಿಸ್ಕಿ ಬೇಡ, ಬ್ರಾಂದಿ ಬೇಡ. ನಾಟಿಕೋಳಿ ಸಾರಿನ ಜೊತೆ ಒಂದು ತಣ್ಣನೆಯ ಬಾಟಲಿ, ಅಷ್ಟೇ. ಫೈಲು ಚೆನ್ನಾಗಿಯೇ ಓಡುತ್ತಿತ್ತು.

ಮೂರು ದಿನದ ಹಿಂದೆ ದೇವರು ಎದ್ದ!

ಮಾನಸಳ ಕಟ್ಟಡದ ಹತ್ತಿರವೇ, ಅರಳಿ ಮರದ ಬುಡದಲ್ಲಿ. ಕರೀ ಕಲ್ಲು. ಅದರ ಮೇಲೆ ತಾನಾಗಿಯೇ ಮೂಡಿದ ಓಂಕಾರ! ಅಂತ ವಿರೂಪಾಕ್ಷನ ತಕರಾರು ಅರ್ಜಿಯಲ್ಲಿ ಬರೆದಿತ್ತು. ದೇವಸ್ಥಾನದಿಂದ ನೂರು ಮೀಟರ್ ಒಳಗೆ ಲೈಸೆನ್ಸ್ ಕೊಡುವ ಹಾಗಿಲ್ಲ. ಇವತ್ತು ಹನ್ನೊಂದಕ್ಕೆ ಅಬಕಾರಿ ಇನ್‌ಸ್ಪೆಕ್ಟರ್ ಅಳತೆಗೆ ಬರುತ್ತಾರೆ. ವರದಿ ಕೆಟ್ಟರೆ ಸಂಜೆಗೆ ಅಗ್ರಿಮೆಂಟ್ ಕ್ಯಾನ್ಸಲ್, ಕಟ್ಟಡ ವಿರೂಪಾಕ್ಷನಿಗೆ. ಮಾನಸ ಮತ್ತೆ ಇನ್ಯಾರದೋ ಅಡುಗೆಮನೆಗೆ.

ಅಂಥ ದಿನ ನಾನು ಮಾಡಿದ ತಪ್ಪು ಒಂದೇ. ಊರಾಚೆ ಚಿಕ್ಕಬಸಮ್ಮನ ಹೋಟೆಲಿನಲ್ಲಿ ಇಡ್ಲಿ ತಿಂದು ಹೋಗೋಣ ಅಂತ ಬೈಕ್ ನಿಲ್ಲಿಸಿದೆ. ಹೋಟೆಲ್ ಬಾಗಿಲು ಹಾಕಿತ್ತು. ಹಿತ್ತಲಿಗೆ ಹೋಗಿ ಅವಳನ್ನು ಕೂಗುತ್ತಿದ್ದೆ, ಯತೀಶ್ ಹಿಂದಿನಿಂದ ಬಂದು ಅಲ್ಲೇ ಇದ್ದ ಅವಳ ಬ್ಯಾರನ್ ಒಳಕ್ಕೆ ನೂಕಿದ.

ಹತ್ತೂಕಾಲು... ಹತ್ತೂವರೆ... ಅಂಗಿ ಬಿಚ್ಚಿದೆ. ಬಾಗಿಲಿಗೆ ಒದ್ದೆ. ಕಣ್ಣು ಮಂಜಾಗತೊಡಗಿತು.

ಚಿಲಕ ಸರಿಯಿತು! ಸೌದೆ ಹಿಡಿದುಕೊಂಡು ಚಿಕ್ಕಬಸಮ್ಮ ನಿಂತಿದ್ದಳು. ಅರವತ್ತು ದಾಟಿದ ಮುದುಕಿ, ಗಂಟಲು ಮಾತ್ರ ಮೈಕ್ ಸೆಟ್.

"ಯಾವನ್ಲಾ ಅದು, ನನ್ ಸೊಪ್ಪಿನೊಳ್ಗೆ!"

"ನಾನು ಕಣವ್ವ... ಮೂರ್ತಿ!"

"ಅಯ್ಯೋ ನಿನ್ ಮನೆ ಕಾಯೋಗ! ಅಲ್ಲೇನ್ ಮಾಡ್ತಿದ್ದೀಯಲಾ?"

"ಇಡ್ಲಿಗೆ ಬಂದಿದ್ದೆ."

"ಇಡ್ಲಿ ಎಲ್ಲಿಂದ ತರ್ಲಪ್ಪ? ರುಬ್ಬೋ ಗುಂಡ್ನ ಯಾವನೋ ಎತ್ಕಂಡೋಗಿ ಮೂರ್ ದಿನಾಯ್ತು. ಒಳ್ಳು ಬಾಯ್ ಬುಟ್ಕಂಡು ಬಿದ್ದದೆ."

ನೀರು ಕುಡಿಯುತ್ತಿದ್ದವನು ಚೊಂಬು ಇಳಿಸಿದೆ. ಮೂರು ದಿನ!

"ಕರೀ ಗುಂಡಾ? ಗುರುತು ಏನಾದ್ರೂ ಐತಾ?"

"ಐತೆ ಕಣ. ಮನೆ ಪಾಲಾದಾಗ ನಮ್ ಮೈದುನಂಗೂ ಯಜಮಾನ್ರಿಗೂ ಆ ಗುಂಡಿಗೇ ಜಗಳ ಬಿತ್ತು. ಅದ್ಕೇ ಅವ್ರು ಎಸ್ರು ಕೊರೆಸುದ್ರು. ಮೇಲಿಂದ ಕೆಳಿಕ್ಕೆ."

"ಏನು ಹೆಸರು?"

"ಅವ್ರುದೇ."

"ಅದೇ ಕಣವ್ವ, ಅವ್ರ ಹೆಸರೇನು?"

ಚಿಕ್ಕಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಗಂಡನ್ ಎಸ್ರು ಎಂಗ್ಲಾ ಏಳ್ಲಿ! ಬದುಕಿದ್ದಾಗ್ಲೇ ಏಳಿಲ್ಲ. ಓಗಿ ಆರು ವರ್ಸ ಆದ್ಮೇಲೆ ಏಳ್ತೀನಾ?"

ನಾನು ಹುಣಸೂರಿನವನು. ನನಗೂ ಆ ಹೆಸರು ಗೊತ್ತಿಲ್ಲ. ನನ್ನ ಪಾಲಿಗೆ ಅದು ಯಾವಾಗಲೂ ಚಿಕ್ಕಬಸಮ್ಮನ ಹೋಟೆಲ್.

ಹತ್ತೂ ಮುಕ್ಕಾಲು. ಮುಂದೆ ರಸ್ತೆಯಲ್ಲಿ ಯತೀಶನ ಜೀಪು. ನನ್ನ ಬೈಕಿನ ಎರಡು ಟೈರಿನಲ್ಲೂ ಗಾಳಿ ಇಲ್ಲ. ಹಿತ್ತಲಿನಲ್ಲಿ ಮುದುಕಿಯ ಹಳೇ ಟಿವಿಎಸ್ ಇತ್ತು.

"ಹತ್ತವ್ವ!"

"ಬಾಗ್ಲು ಆಕ್ಬೇಕು..."

"ಹತ್ತವ್ವ ಅಂದ್ರೆ!"

ಯತೀಶ್ ನೋಡಿಬಿಟ್ಟ. ಜೀಪು ನಮ್ಮ ಬೆನ್ನು ಹತ್ತಿತು. ಇಪ್ಪತ್ತು ಗಜ... ಹತ್ತು ಗಜ... ಬಂಪರ್ ಬಂದು ನಂಬರ್ ಪ್ಲೇಟಿಗೆ ತಾಗಿತು. ಚಿಕ್ಕಬಸಮ್ಮ ಹಿಂದೆ ತಿರುಗಿ ಯತೀಶನ ಮೂರು ತಲೆಮಾರನ್ನು ಬೈದಳು. ನಾನು ಸಟ್ಟನೆ ನಾಲೆ ಏರಿಗೆ ತಿರುಗಿಸಿದೆ. ಏರಿಯ ಅಗಲ ಎರಡೂವರೆ ಅಡಿ. ಜೀಪು ಅಲ್ಲೇ ನಿಂತಿತು. ಸುತ್ತು ಹಾಕಿ ಬರಬೇಕು ಅವನು.

ಅರಳಿ ಮರದ ಕೆಳಗೆ ಐವತ್ತು ಜನ. ಬಿಳೀ ಪಂಚೆಯಲ್ಲಿ ವಿರೂಪಾಕ್ಷ. ಒಂದು ಪಕ್ಕದಲ್ಲಿ ಮಾನಸ, ತುಟಿ ಕಚ್ಚಿಕೊಂಡು ನಿಂತಿದ್ದಳು. ಇನ್‌ಸ್ಪೆಕ್ಟರ್ ಟೇಪು ಎಳೆಯುತ್ತಿದ್ದರು.

"ಮೂರ್ತಿ ಎಲ್ರೀ?"

"ಬಂದೆ ಸಾರ್!"

"ನೀವಲ್ಲ ಕಣ್ರೀ, ದೇವರ ಮೂರ್ತಿ. ಆ ಕಡೆ ಸರೀರಿ." ಟೇಪು ನೋಡಿದರು. "ಅರವತ್ತೆರಡು ಮೀಟರ್."

"ಅಯ್ಯಯ್ಯೋ, ನನ್ ಗುಂಡು!"

ಚಿಕ್ಕಬಸಮ್ಮ ಜನರ ನಡುವೆ ನುಗ್ಗಿದಳು. ವಿರೂಪಾಕ್ಷನ ಮುಖ ಕೆಂಪಾಯಿತು.

"ದೇವ್ರನ್ನ ಗುಂಡು ಅಂತೀಯಾ? ನಾಲ್ಗೆ ಬಿದ್ದೋದಾತು! ಓಂಕಾರ ಕಾಣಾಕಿಲ್ವಾ?"

"ಅದು ಓಂ ಅಲ್ಲ ಕಣಪ್ಪ. ನಮ್ ಯಜಮಾನ್ರ ಎಸ್ರಲ್ಲಿ ಮೊದಲ್ನೇ ಅಕ್ಷರ."

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. "ಏನಮ್ಮ ಅವರ ಹೆಸರು?"

ಚಿಕ್ಕಬಸಮ್ಮ ನೆಲ ನೋಡಿದಳು. ಹೆಸರು ಗೊತ್ತಿದ್ದ ಊರವರು ವಿರೂಪಾಕ್ಷನ ಮುಖ ನೋಡಿ ಹಿಂದೆ ಸರಿದರು.

"ನೋಡಿ ಸಾರ್!" ವಿರೂಪಾಕ್ಷ ನಕ್ಕ. "ಗಂಡನ್ ಎಸ್ರೇ ಗೊತ್ತಿಲ್ಲ. ಬರ್ಕಳಿ, ಅರವತ್ತೆರಡು."

"ಅವ್ವ, ಒಂದೇ ಒಂದ್ಸಲ ಹೇಳ್ಬುಡವ್ವ!" ನಾನು ಕೈ ಮುಗಿದೆ.

"ಸುಮ್ಕಿರ್ಲಾ!"

ಇನ್‌ಸ್ಪೆಕ್ಟರ್ ಪೆನ್ನು ಕಾಗದಕ್ಕೆ ತಾಗಿಸಿದರು. ಮಾನಸ ಕಣ್ಣು ಮುಚ್ಚಿಕೊಂಡಳು.

ಚಿಕ್ಕಬಸಮ್ಮ ಸೀರೆ ಸೆಕ್ಕಿಕೊಂಡಳು. ಕುಕ್ಕರುಗಾಲಿನಲ್ಲಿ ಕೂತಳು. ದೇವರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಎಳೆಯತೊಡಗಿದಳು!

ಆಗಲೇ ಜೀಪು ಬಂದು ನಿಂತಿತು. ಯತೀಶ್ ಮಚ್ಚು ಹಿಡಿದು ಇಳಿದ. ಮಾನಸ ಅಡ್ಡ ನಿಂತಳು.

"ಆ ಅವ್ವನ್ನ ಮುಟ್ಟು ನೋಡಾಣ!"

ಅವನು ಒಂದು ಗಳಿಗೆ ತಬ್ಬಿಬ್ಬಾದ. ಅಷ್ಟು ಸಾಕಾಗಿತ್ತು. ಮಣಿಕಟ್ಟು ಹಿಡಿದು ತಿರುಚಿದೆ, ಮಚ್ಚು ಬಿತ್ತು. ಬ್ಯಾರನ್ ಬಾಕಿ ಇತ್ತಲ್ಲ, ಮೂಗಿನ ಮೇಲೆ ಒಂದು ಕೊಟ್ಟೆ.

ಕಲ್ಲು ಮಣ್ಣಿನಿಂದ ಹೊರಗೆ ಬಂತು. ಮುಕ್ಕಾಲು ಪಾಲು ಹೂತಿಟ್ಟಿದ್ದರು. ಚಿಕ್ಕಬಸಮ್ಮ ಅಭಿಷೇಕದ ಕೊಡ ಎತ್ತಿ ಸುರಿದಳು. ಅರಿಶಿನ ಹೋಯಿತು, ಕುಂಕುಮ ಹೋಯಿತು, ಮಣ್ಣು ಇಳಿಯಿತು. ಮೇಲಿಂದ ಕೆಳಕ್ಕೆ ಒಂದೊಂದೇ ಅಕ್ಷರ ಕಂಡಿತು.

ಅಂ.

ಕ.

ಯ್ಯ.

"ಅಂಕಯ್ಯ," ಅಂತ ಇನ್‌ಸ್ಪೆಕ್ಟರ್ ಗಟ್ಟಿಯಾಗಿ ಓದಿದರು.

"ಇಡ್ಲಿ ಅಂಕಯ್ಯಣ್ಣನ ಗುಂಡಾ?" ಹಿಂದಿನಿಂದ ಯಾರೋ ಕೂಗಿದರು. "ಮೂರ್ ದಿನದಿಂದ ನಾವ್ ಕಾಯಿ ಒಡೆದಿದ್ದು ಅಂಕಯ್ಯಣ್ಣಂಗಾ!"

ಐವತ್ತು ಜನವೂ ನಕ್ಕರು. ಚಿಕ್ಕಬಸಮ್ಮ ಮಾತ್ರ ನಗಲಿಲ್ಲ. ಆ ಅಕ್ಷರಗಳ ಮೇಲೆ ಕೈ ಆಡಿಸುತ್ತಿದ್ದಳು, ಕಣ್ಣು ತುಂಬಿತ್ತು.

"ನೋಡಿ ಬುದ್ಧಿ, ನಾನ್ ಏಳಿಲ್ಲ. ನೀವೇ ಓದುದ್ರಿ."

ಇನ್‌ಸ್ಪೆಕ್ಟರ್ ಟೇಪು ಸುತ್ತಿದರು. 'ಸದರಿ ವಸ್ತುವು ರುಬ್ಬುವ ಗುಂಡಾಗಿರುತ್ತದೆ' ಅಂತ ಬರೆದು ಸಹಿ ಹಾಕಿದರು. ಮಾನಸ ರಸ್ತೆ ಮಧ್ಯದಲ್ಲೇ ಗೊಳೋ ಅಂತ ಅತ್ತಳು. ವಿರೂಪಾಕ್ಷ, ಬಾರದ ಫೋನನ್ನು ಕಿವಿಗಿಟ್ಟುಕೊಂಡು ಹೊರಟ. ನಾನು ಅವನ ಪಕ್ಕದಲ್ಲೇ ಹೆಜ್ಜೆ ಹಾಕಿದೆ.

"ಕಳ್ಳತನದ ಕಂಪ್ಲೇಂಟಾ ಅಣ್ಣ, ಇಲ್ಲ ಅವ್ವಂಗೆ ಒಂದು ಹೊಸ ಗ್ರೈಂಡರ್ರಾ?"

ಸಂಜೆಯೇ ಗ್ರೈಂಡರ್ ಬಂತು.

ಮಾನಸಳ ಹೋಟೆಲಿನಲ್ಲಿ ಈಗ ಲೈಸೆನ್ಸು ಫ್ರೇಮ್ ಹಾಕಿ ಗೋಡೆಯ ಮೇಲಿದೆ. ಬಿಯರ್ ತಣ್ಣಗಿದೆ, ಸಾರು ಖಾರವಾಗಿದೆ. ಗುಂಡು ಚಿಕ್ಕಬಸಮ್ಮನ ದೇವರ ಗೂಡಿನಲ್ಲಿದೆ. "ಪೂಜೆ ಆದ ಕಲ್ಲು, ಅದ್ರಲ್ಲೂ ಅವ್ರ ಎಸ್ರು ಬ್ಯಾರೆ... ಇನ್ನು ಎಂಗ್ಲಾ ಅದ್ರಲ್ಲಿ ರುಬ್ಬಲಿ?" ಅಂದಳು. ಗ್ರೈಂಡರಿನ ಇಡ್ಲಿ ನನ್ನ ತಟ್ಟೆಗೆ ಹಾಕಿದಳು. ಬಾಯಿಗಿಟ್ಟೆ.

ಕಲ್ಲು ದೇವರಾಗಿತ್ತು. ಇಡ್ಲಿ ಕಲ್ಲಾಗಿತ್ತು!